ವಾಲ್ಡೆಮಾರ್ ಹಾಫ್ಕಿನ್

1898ನೆಯ ಇಸವಿಯಲ್ಲಿ ಪ್ಲೇಗು ಎಂಬ ಮಾರಿ ಧಾರವಾಡ ಜಿಲ್ಲೆಯ ಮೇಲೆ ಎರಗಿತು. ಮನೆಯಲ್ಲಿ ಒಂದು ಇಲಿ ಸತ್ತುಬಿದ್ದರೆ ಸಾಕು, ಜನರ ಎದೆ ನಡುಗುತ್ತಿತ್ತು. ಜ್ವರ ಕಾಯ್ದು, ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ ಎದ್ದವರಲ್ಲಿ ಬಹುಮಂದಿ ಕೆಲವೇ ದಿನಗಳಲ್ಲಿ ಅಸುನೀಗುತ್ತಿದ್ದರು. ಹಳ್ಳಿಯ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನವಲಗುಂದ, ಕುಂದಗೋಳಗಳ ಹತ್ತಿಯೂ ಕಲಘಟಗಿಯ ಭತ್ತವೂ ಹುಬ್ಬಳ್ಳಿಯ ಪೇಟೆಗೆ ಬರುತ್ತಿದ್ದವು. ರೈಲು ಕಾರ್ಖಾನೆಯಿಂದಲೂ ನೂಲಿನ ಗಿರಣಿಯಿಂದಲೂ ತುಂಬಿ ತುಳುಕುತ್ತಿದ್ದ ಆ ಊರೇ ಪ್ಲೇಗಿನ ನೆಲೆಯಾಯಿತು. ಆ ಸಂಕಟಕಾಲದಲ್ಲಿ ಹುಬ್ಬಳ್ಳಿಯ ಜನರಿಗೆ ಆಸರೆಯಾದ ಲಸಿಕೆಯನ್ನು ಕಂಡುಹಿಡಿದವನೇ ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್ 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನವೊಂದರಲ್ಲಿ ಜನಿಸಿದನು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕೋಫ್ ಎಂಬ ಮಹಾವಿಜ್ಞಾನಿಯ ಶಿಷ್ಯನಾಗಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದನು. ಮತಾಂತರ ಹೊಂದಿದ್ದರೆ ಅವನಿಗೆ ದೊಡ್ಡ ಹುದ್ದೆ ದೊರೆಯುತ್ತಿತ್ತು. ಅದಕ್ಕೆ ಅವನು ಒಪ್ಪಲಿಲ್ಲ. ದೇಶವನ್ನು ಬಿಟ್ಟು 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದನು. ಅಲ್ಲಿ ಅವನಿಗೆ ಮೊದಲು ದೊರೆತದ್ದು ಗ್ರಂಥಪಾಲಕನ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗ ನಡೆಸುತ್ತ ಅವನು ಕಾಲರಾ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿದನು. 1892ರ ಜುಲೈ 18ರಂದು ಅದನ್ನು ತನ್ನ ಮೈಗೇ ಚುಚ್ಚಿಕೊಂಡನು.

ಕಾಲರಾದ ತವರೆನಿಸಿದ್ದ ಭಾರತಕ್ಕೆ ಅವನು 1893ರಲ್ಲಿ ಬಂದನು. ಕಲಕತ್ತೆಯ ಬಡವರ ಕೇರಿಗಳಲ್ಲಿ ಲಸಿಕೆ ಹಾಕಿದ ಮೇಲೆ, ಒಂದೇ ಮನೆಯಲ್ಲಿ ಹಾಕಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಅವರವರ ಗತಿಯೇನಾಯಿತು ಎಂಬ ಲೆಕ್ಕವನ್ನು ತಾಳ್ಮೆಯಿಂದ ಇಡಿಸಿದನು. ಆ ಲೆಕ್ಕವು ಎರಡು ಸಂಗತಿಗಳನ್ನು ತಿಳಿಸಿತು. ಲಸಿಕೆ ಹಾಕಿದ ಮೊದಲ ಕೆಲವು ದಿನ ರಕ್ಷಣೆ ಇರುವುದಿಲ್ಲ. ಆಮೇಲೆ ಬಂದ ರಕ್ಷಣೆಯೂ ವರ್ಷದ ಮೇಲೆ ಕೆಲವು ತಿಂಗಳು ಕಳೆಯುವುದರೊಳಗೆ ಕುಂದಿಹೋಗುತ್ತದೆ.

ಇದಕ್ಕೆ ಕಾರಣವುಂಟು. ಲಸಿಕೆಯಲ್ಲಿರುವ ನಿರ್ಬಲ ಅಥವಾ ಮೃತ ರೋಗಾಣುವನ್ನು ಶತ್ರುವೆಂದು ಗುರುತಿಸಿದ ಶರೀರವು ಅದನ್ನು ಎದುರಿಸಲು ಪ್ರತಿಕಾಯಗಳೆಂಬ ವಸ್ತುಗಳನ್ನು ನಿರ್ಮಿಸತೊಡಗುತ್ತದೆ. ಅವು ರಕ್ತದಲ್ಲಿ ಹೆಚ್ಚುವುದಕ್ಕೆ ಕೆಲವು ದಿನಗಳು ಬೇಕು. ಕೆಲವು ವಾರಗಳಲ್ಲಿ ಅವುಗಳ ಪ್ರಮಾಣ ಶಿಖರವನ್ನು ಮುಟ್ಟಿ, ಬಳಿಕ ಮೆಲ್ಲಮೆಲ್ಲನೆ ಇಳಿಯುತ್ತದೆ. ಆದರೆ ಶತ್ರುವಿನ ಗುರುತನ್ನು ನೆನಪಿಟ್ಟುಕೊಂಡ ಕೆಲವು ಜೀವಕೋಶಗಳು ಉಳಿದಿರುತ್ತವೆ. ಆದುದರಿಂದ ಮತ್ತೊಮ್ಮೆ ಲಸಿಕೆ ಹಾಕಿದಾಗ ಪ್ರತಿಕಾಯಗಳು ಮೊದಲಿಗಿಂತ ಬೇಗನೆ, ಮೊದಲಿಗಿಂತ ಅಧಿಕವಾಗಿ ಹುಟ್ಟುತ್ತವೆ. ಹಾಫ್ಕಿನ್ನನ ಕಾಲಕ್ಕೆ ಈ ಪ್ರಮಾಣವನ್ನು ಇಂದಿನಂತೆ ಅಳೆಯುವ ಉಪಾಯವಿರಲಿಲ್ಲ. ಬದುಕಿದವರ ಮತ್ತು ಸತ್ತವರ ಲೆಕ್ಕವೇ ಅವನ ಅಳತೆಗೋಲು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಹಾಫ್ಕಿನ್ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಚಿಕ್ಕ ಎಡೆಯಲ್ಲಿ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರ ನೆರವಿನಿಂದ ಹಗಲಿರುಳು ದುಡಿದು, ಮೂರು ತಿಂಗಳಲ್ಲಿ ಲಸಿಕೆಯನ್ನು ಸಿದ್ಧಗೊಳಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತಾನೇ ಚುಚ್ಚಿಸಿಕೊಂಡು ಜ್ವರದ ಬಾಧೆಯನ್ನು ಅನುಭವಿಸಿದನು. ಅದೇ ತಿಂಗಳು ಬೈಕಲಾ ಸೆರೆಮನೆಯಲ್ಲಿ ತಾವಾಗಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಚುಚ್ಚಿದ ದಿನವೇ ರೋಗ ಕಾಣಿಸಿಕೊಂಡವರನ್ನು ಬಿಟ್ಟರೆ, ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ಪ್ಲೇಗು ತಗಲಿತು, ಇಬ್ಬರೂ ಬದುಕಿದರು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ತಗಲಿ, 6 ಮಂದಿ ಮಡಿದರು.

ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಈ ಲಸಿಕೆಯನ್ನು ಹತ್ತಾರು ಸಾವಿರ ಜನರಿಗೆ ಹಾಕಿಸಿದನು. ಒಮ್ಮೆ ಹಾಕಿಸಿಕೊಂಡವರು, ಎರಡು ಸಲ ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು ಎಂದು ಬೇರೆ ಬೇರೆ ಲೆಕ್ಕವಿಟ್ಟನು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂದು ಕಂಡುಬಂದಿತು. ಸರ್ಕಾರ ನೇಮಿಸಿದ ಪ್ಲೇಗು ಆಯೋಗವು ಇಂತಹ ಲೆಕ್ಕಗಳನ್ನೆಲ್ಲ ಒರೆಗೆ ಹಚ್ಚಿ, ಅವುಗಳ ಕುಂದುಗಳನ್ನೂ ಎತ್ತಿ ತೋರಿಸಿತು. ಕೊನೆಗೆ, ಲಸಿಕೆಯು ರೋಗವನ್ನೂ ಸಾವನ್ನೂ ನಿಶ್ಚಯವಾಗಿ ತಗ್ಗಿಸುತ್ತದೆ, ಆದರೆ ಆ ರಕ್ಷಣೆ ಪೂರ್ಣವಲ್ಲ, ಶಾಶ್ವತವೂ ಅಲ್ಲ ಎಂಬ ನಿರ್ಣಯಕ್ಕೆ ಬಂದಿತು.

ಕೀರ್ತಿಯ ಬೆನ್ನಿಗೇ ಅಪಕೀರ್ತಿ ಕಾದಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಮಡಿದರು. ದೋಷವು ಮುಂಬಯಿಯ ಪ್ರಯೋಗಶಾಲೆಯದೆಂದು ಬಗೆದ ಸರ್ಕಾರ ಹಾಫ್ಕಿನ್ನನನ್ನು ಹುದ್ದೆಯಿಂದ ದೂರವಿಟ್ಟಿತು. ಸೀಸೆಯ ಮುಚ್ಚಳ ತೆಗೆಯುವಾಗ ಹಳ್ಳಿಯಲ್ಲಿಯೇ ಆದ ಅಜಾಗರೂಕತೆಯಿಂದ ಮಾಲಿನ್ಯ ಸೇರಿತೆಂಬುದನ್ನು ಸಾಕ್ಷ್ಯಗಳು ಸೂಚಿಸುತ್ತಿದ್ದರೂ ಅವನು ವರ್ಷಗಳ ಕಾಲ ಕಳಂಕವನ್ನು ಹೊರಬೇಕಾಯಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪರವಾಗಿ ದನಿಯೆತ್ತಿದರು. 1907ರಲ್ಲಿ ಅವನು ದೋಷಮುಕ್ತನಾದನು. ಮನಸ್ಸು ಮುರಿದಿದ್ದರೂ ಹಗೆ ಸಾಧಿಸದೆ ಮತ್ತೆ ಭಾರತಕ್ಕೇ ಬಂದು, ಕಲಕತ್ತೆಯಲ್ಲಿ ನಿವೃತ್ತಿಯವರೆಗೆ ದುಡಿದನು. ಮುಂಬಯಿಯ ಪರೇಲಿನಲ್ಲಿದ್ದ ಅವನ ಪ್ರಯೋಗಶಾಲೆಗೆ 1925ರಲ್ಲಿ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವನು ಕೊನೆಯುಸಿರೆಳೆದನು.

2021ರಲ್ಲಿ ನಮ್ಮ ದೇಶದಲ್ಲಿ ಕೋವಿಡ್ ಲಸಿಕೆಯನ್ನು ಮೊದಲು ಪಡೆದವರು ವೈದ್ಯರು, ದಾದಿಯರು ಮೊದಲಾದ ಆರೋಗ್ಯ ಸಿಬ್ಬಂದಿ. ತಿಂಗಳುಗಳು ಉರುಳಿದಂತೆ ಅವರ ರಕ್ತದಲ್ಲಿ ಪ್ರತಿಕಾಯಗಳು ಇಳಿಯುತ್ತಿರುವುದನ್ನು ಸಂಶೋಧಕರು ಅಳೆದು ಕಂಡರು. 2022ರ ಜನವರಿ 10ರಂದು ಅವರಿಗೆ ಮುನ್ನೆಚ್ಚರಿಕೆಯ ಮತ್ತೊಂದು ಡೋಸನ್ನು ಕೊಡಲು ಆರಂಭಿಸಲಾಯಿತು. ಹಾಫ್ಕಿನ್ ತನ್ನ ಪ್ಲೇಗು ಲಸಿಕೆಯನ್ನು ಚುಚ್ಚಿಸಿಕೊಂಡು ಅಂದಿಗೆ ಸರಿಯಾಗಿ 125 ವರ್ಷಗಳು ತುಂಬಿದ್ದವು. ತನ್ನ ಲಸಿಕೆಯ ಶಕ್ತಿಯನ್ನು ಸಾರಿದಷ್ಟೇ ಪ್ರಾಮಾಣಿಕವಾಗಿ ಅದರ ಮಿತಿಯನ್ನೂ ಲೆಕ್ಕವಿಟ್ಟು ತೋರಿಸಿದ್ದು ಅವನ ಹಿರಿಮೆ. ಸತ್ಯನಿಷ್ಠೆಯಿಲ್ಲದೆ ಸೇವೆ ಫಲಿಸದು ಎಂಬುದಕ್ಕೆ ಅವನ ಬಾಳು ಉಜ್ವಲ ನಿದರ್ಶನವಾಗಿದೆ.