ದೊಡ್ಡ ಸ್ವಾಮಿಯವರು ಮತ್ತು ಸಿಡುಬಿನ ಭಯ

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿದ್ದಿತು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ತರಲ್ಪಟ್ಟ ಕಥೋಲಿಕ ಕುಟುಂಬಗಳಲ್ಲಿ ಬದುಕುಳಿದ ಹಲವರು ತಮ್ಮ ಊರುಗಳತ್ತ ಮರಳಿದರು. ಇಲ್ಲಿಯೇ ಉಳಿದವರು ಬಲವಂತದಿಂದ ಮತ ತೊರೆದು, ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಚದುರಿಹೋಗಿದ್ದರು. ಅವರನ್ನು ಮತ್ತೆ ಒಗ್ಗೂಡಿಸಲು ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದುಬ್ವಾ. ಜನರ ಬಾಯಲ್ಲಿ ಅವರು ದೊಡ್ಡ ಸ್ವಾಮಿಯವರು.

ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ ಗುರುದೀಕ್ಷೆ ಪಡೆದ ಅವರು, ಪ್ಯಾರಿಸ್ಸಿನ ಎಂ.ಇ.ಪಿ. ಸಂಸ್ಥೆಯ ಧರ್ಮಪ್ರಚಾರಕರಾಗಿ ಭಾರತಕ್ಕೆ ಹೊರಟರು. ಇಂದಿನ ಪಾಂಡವಪುರಕ್ಕೆ ಆಗ ಹಿರೋಡೆ ಎಂಬ ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟ ಕಾರಣ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಅಂಥ ಸೀಮೆಯಲ್ಲಿ, ಆಂಗ್ಲರ ಆಡಳಿತದ ಕಣ್ಣೆದುರಿನಲ್ಲಿ, ಫ್ರೆಂಚ್ ಗುರುವೊಬ್ಬರು ಎರಡೂ ಕಡೆಯ ವಿಶ್ವಾಸ ಗಳಿಸಿದುದು ಸಾಮಾನ್ಯ ಸಂಗತಿಯಲ್ಲ.

ಅವರು ಮಾಡಿದ ಮೊದಲ ಕೆಲಸ ನೋಡುವುದು. ಈ ನಾಡಿನವರ ಉಡುಪು ತೊಟ್ಟರು, ಅವರ ಆಹಾರಕ್ರಮಕ್ಕೆ ಒಗ್ಗಿಕೊಂಡರು, ಅವರ ಮಾತಿನಲ್ಲಿ ಮಾತನಾಡಿದರು. ಚಿತ್ರಕಾರ ಥಾಮಸ್ ಹಿಕಿ ಬಿಡಿಸಿದ ಭಾವಚಿತ್ರದಲ್ಲಿ ಬಿಳಿಯ ನಿಲುವಂಗಿ, ಮುಂಡಾಸು, ಗಡ್ಡ, ಕೈಯಲ್ಲೊಂದು ಕೋಲು. ಯುರೋಪಿಯನ್ನರೆಂದು ತಟ್ಟನೆ ಹೇಳಲಾಗದು. ಹೀಗೆ ಜನರ ನಡುವೆ ಬಾಳಿದವರಿಗೆ ಅವರ ಬಡತನವೂ ಕಾಣಿಸಿತು. ಕ್ರೈಸ್ತ ಕುಟುಂಬಗಳಿಗೆ ಜಪದಷ್ಟೇ ಅಗತ್ಯವಾದುದು ಉಳುವ ನೆಲವೆಂದು ಕಂಡು, ಹಾಸನ ಸೀಮೆಯಲ್ಲಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು.

ಆಗಿನ ಮನೆಮನೆಯ ಭೀತಿಯೆಂದರೆ ಸಿಡುಬು. ರೋಗ ಯಾರಿಗೂ ಹೊಸದಲ್ಲ, ಅದನ್ನು ಸಮಸ್ಯೆಯೆಂದು ಗುರುತಿಸಲು ಪಂಡಿತರು ಬೇಕಿರಲಿಲ್ಲ. ಪರಿಹಾರವೂ ಸಿದ್ಧವಾಗಿತ್ತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿದ ಗೋಸಿಡುಬಿನ ಲಸಿಕೆ ಬಾಗ್ದಾದ್, ಬಸ್ರಾಗಳ ದಾರಿಯಾಗಿ 1802ರಲ್ಲಿ ಮುಂಬಯಿಗೆ ಬಂದಿತ್ತು. ಆದರೂ ತೋಳು ಚಾಚುವವರಿರಲಿಲ್ಲ. ನಿಜವಾದ ಸಮಸ್ಯೆ ಇದ್ದುದು ಇಲ್ಲಿ. ಆ ಕಾಲದಲ್ಲಿ ಲಸಿಕೆಯನ್ನು ಸೀಸೆಯಲ್ಲಿಟ್ಟು ಬಹುಕಾಲ ಕಾಪಾಡಲಾಗುತ್ತಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು; ಸರಪಳಿ ಕಡಿಯಕೂಡದು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿಗೆ? ಬೇನೆ ಅಮ್ಮನ ಬರವಾಗಿದ್ದರೆ ತಡೆಯುವುದು ಅಪಚಾರವಲ್ಲವೆ? ಪರದೇಶದವರು ಮೈಗೆ ಚುಚ್ಚುವುದು ಏತಕ್ಕಾಗಿ?

ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದಿದವರಿಗೆ ಗೊತ್ತು, ಅವರು ತಮ್ಮ ಉತ್ತರಕ್ಕೆ ಮೊದಲು ಎದುರಾಳಿಯ ಆಕ್ಷೇಪಗಳನ್ನೇ ಬರೆಯುತ್ತಾರೆ. ಆಕ್ಷೇಪವನ್ನು ಮೂಢತನವೆಂದು ತಳ್ಳಿದವನಿಗೆ ಪ್ರಶ್ನೆ ಎಲ್ಲಿದೆಯೆಂಬುದೇ ತಿಳಿಯದು. ದೊಡ್ಡ ಸ್ವಾಮಿಯವರು ಜನರ ಶಂಕೆಗಳನ್ನು ವರ್ಷಗಟ್ಟಲೆ ಬಲ್ಲವರಾಗಿದ್ದರು. ಲಸಿಕೆ ಅವರ ಮೂಲಕ ಬಂದಾಗ ಅದು ಪರಿಚಿತನ ಕೈಯಿಂದ ಬಂದಂತಾಯಿತು. 1803-04ರಲ್ಲಿ ಲಸಿಕೆ ಪಡೆದು ದಾಖಲಾದವರ ಸಂಖ್ಯೆ 25,432. ರಸ್ತೆ, ಆಸ್ಪತ್ರೆಗಳಿಲ್ಲದ ಕಾಲದಲ್ಲಿ ಇದು ಬೆರಗಿನ ಅಂಕಿ. 1806ರಲ್ಲಿ ಮೈಸೂರು ಅರಮನೆಯ ದೇವಾಜಮ್ಮಣ್ಣಿಯವರೂ ಲಸಿಕೆ ಹಾಕಿಸಿಕೊಂಡರು.

ಲಸಿಕೆ ಹಾಕಿಸುವುದನ್ನು ನಮ್ಮವರು ದೇವಿ ಹಾಕಿಸುವುದು ಎಂದೇ ಕರೆದರು. ರೋಗದ ಹೆಸರು ಮದ್ದಿಗೆ ಬಂತು. ನಂಬಿಕೆಯನ್ನು ಕಿತ್ತೆಸೆಯದೆಯೇ ತೋಳು ಚಾಚಲು ಭಾಷೆ ದಾರಿ ಮಾಡಿಕೊಟ್ಟಿತು. ಕೃಷ್ಣರಾಜಪೇಟೆ, ನಾಗಮಂಗಲಗಳ ಹಿರಿಯರ ತೋಳಿನಲ್ಲಿ ಆ ದುಂಡನೆಯ ಗುರುತು ಇಂದಿಗೂ ಕಾಣುತ್ತದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು.

ಸ್ವಾಮಿಯವರ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕಿಲ್ಲ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಮದರಾಸು ಸರ್ಕಾರ 1807ರಲ್ಲಿ ಎರಡು ಸಾವಿರ ವರಹಕ್ಕೆ ಕೊಂಡಿತು. ಅದರ ಬಹುಭಾಗ ಹಿಂದಿನ ಜೆಸ್ವಿತ ಗುರು ಕೊರ್ದು ಅವರ ಬರಹದಿಂದ ಬಂದುದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಗ್ರಂಥದಲ್ಲಿ ತಾತ್ಸಾರದ ಮಾತುಗಳೂ ಇವೆ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈ ದೇಶದಲ್ಲಿ ಹಿಂದೂಗಳ ನಡುವೆ ಸುವಾರ್ತೆ ಬೇರೂರುವ ಭರವಸೆಯಿಲ್ಲವೆಂದು ಬರೆದರು. ಜನರ ದೇಹದ ವಿಷಯದಲ್ಲಿ ಅಷ್ಟು ತಾಳ್ಮೆ ತೋರಿದವರು ಮನಸ್ಸಿನ ವಿಷಯದಲ್ಲಿ ಬಾಗಿಲು ಮುಚ್ಚಿದುದು ನಮಗೆ ವ್ಯಥೆಯ ಸಂಗತಿ. ಮೂವತ್ತು ವರ್ಷಗಳ ದಣಿವೂ ಅದರಲ್ಲಿ ಇದ್ದಿರಬೇಕು.

ಅದೇ 1823ರಲ್ಲಿ ಅವರು ಭಾರತವನ್ನು ಬಿಟ್ಟರು. ಕಂಪನಿ ಸರ್ಕಾರ ಅವರಿಗೆ ವಿಶ್ರಾಂತಿ ವೇತನ ನೀಡಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಶ್ರೇಷ್ಠಾಧಿಕಾರಿಯಾಗಿಯೂ ಸೇವೆ ಸಲ್ಲಿಸಿ, 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಇಲ್ಲಿಗೆ ಮರಳಿ ಬರಲಿಲ್ಲ. ಗಂಜಾಂನ ಹಳೆಯ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.