ದೀನರ ವಕೀಲ ಕುದ್ಮುಲ್ ರಂಗರಾಯರು

ವಿದ್ಯೆಯಿಂದ ಧನವನ್ನು ಗಳಿಸಿದವರು ಹಲವರು. ವಿದ್ಯೆಯನ್ನೇ ಧನವೆಂದು ಬಗೆದು ಅದನ್ನು ಇಲ್ಲದವರಿಗೆ ಹಂಚಿದವರು ವಿರಳ. ಅಂತಹ ವಿರಳರ ಪಂಕ್ತಿಯಲ್ಲಿ ನಿಲ್ಲತಕ್ಕವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆಯಾಗಿತ್ತು. ಅದರ ದೊಡ್ಡ ನ್ಯಾಯಾಲಯವಿದ್ದುದು ಮಂಗಳೂರಿನಲ್ಲಿ. ಬಂಟ್ವಾಳದವರು ನೇತ್ರಾವತಿಯ ದೋಣಿಯನ್ನೇರಿ, ಬೆಳ್ತಂಗಡಿ ಮೂಡಬಿದಿರೆಗಳ ಕಡೆಯವರು ಗಾಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಆ ಪಟ್ಟಣವನ್ನು ಸೇರುತ್ತಿದ್ದರು. ಗೇಣಿಯ ತಕರಾರು, ಅಳಿಯಸಂತಾನದ ಪಾಲಿನ ತಕರಾರು, ಸಾಲಪತ್ರದ ತಕರಾರು, ಹೀಗೆ ವ್ಯಾಜ್ಯಗಳಿಗೆ ಕೊರತೆಯಿರಲಿಲ್ಲ. ಚತುರನಾದ ವಕೀಲನಿಗೆ ಹೊನ್ನಿನ ಬೆಳೆ ಬೆಳೆಯುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ ಕೈಗೆ ಬಂದ ಬೆಳೆಯನ್ನು ಪರಾರ್ಥಕ್ಕೆ ಒಪ್ಪಿಸಿದುದೇ ರಂಗರಾಯರ ಹಿರಿಮೆ.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಎಳೆಯ ಹರೆಯದಲ್ಲಿಯೇ ಪಿತೃವಿಯೋಗವಾಗಿ ಸಂಸಾರದ ಭಾರ ಹೆಗಲೇರಿತು. ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದ ತರುಣನಿಗೆ ದೊರೆತುದು ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯ ವೃತ್ತಿ. ಪಾಠ ಹೇಳುತ್ತಲೇ ಪಾಠ ಕಲಿತು, ಮೆಟ್ರಿಕ್ಯುಲೇಶನ್ ಮುಗಿಸಿ, ಮುಂದೆ ಪ್ಲೀಡರ್ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿ ಅವರು ವಕೀಲರಾದರು. ಬಡತನವನ್ನು ಉಂಡು ಬೆಳೆದವರಿಗೆ ಬಡವರ ನೋವು ಬೇರೆಯಾಗಿ ಕಾಣಲಿಲ್ಲ. ದುರ್ಬಲರ ಪರವಾಗಿ ನಿಂತು ವಾದಿಸುವ ವಕೀಲರೆಂದು ಅವರು ಬೇಗನೆ ಹೆಸರಾದರು.

ಅಂದಿನ ಮಂಗಳೂರಿನಲ್ಲಿ ಹೊಸ ವಿಚಾರಗಳ ಗಾಳಿ ಬೀಸತೊಡಗಿತ್ತು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಮುದ್ರಣಾಲಯ, ನೇಯ್ಗೆಯ ಕಾರ್ಖಾನೆಗಳನ್ನು ಸ್ಥಾಪಿಸಿದ್ದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಬ್ರಹ್ಮಸಮಾಜ ನೆಲೆಗೊಂಡಿತು. ಜಾತಿಭೇದವನ್ನು ಒಪ್ಪದ ಆ ಸಮಾಜದ ಸಂಪರ್ಕ ರಂಗರಾಯರ ಮನಸ್ಸಿಗೆ ದಾರಿ ತೋರಿತು. ಅಸ್ಪೃಶ್ಯರೆನಿಸಿಕೊಂಡವರ ದುಃಖಕ್ಕೆ ಮೂಲ ಅಕ್ಷರಹೀನತೆ; ಅಕ್ಷರವಿಲ್ಲದವನಿಗೆ ನ್ಯಾಯಾಲಯದ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ ಎಂಬುದು ಅವರ ನಿಶ್ಚಯವಾಯಿತು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಅವರು ಶಾಲೆಯನ್ನು ತೆರೆದರು. ಕೂಡಲೇ ವಿರೋಧ ಭುಗಿಲೆದ್ದಿತು. ಮೇಲ್ಜಾತಿಯ ಉಪಾಧ್ಯಾಯರು ಅಲ್ಲಿ ಪಾಠ ಹೇಳಲು ಒಪ್ಪದಿರಲು ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಬೇಕಾಯಿತು. ಶಾಲೆ ಒಂದೆಡೆ ನಿಲ್ಲದೆ ಸ್ಥಳ ಬದಲಾಯಿಸಬೇಕಾಯಿತು. ಆದರೂ ರಂಗರಾಯರು ಹಿಂಜರಿಯಲಿಲ್ಲ. ಕೂಲಿಯನ್ನು ಬಿಟ್ಟು ಮಗು ಶಾಲೆಗೆ ಬಂದರೆ ಅಂದಿನ ಗಂಜಿಗೆ ಕೊರತೆಯಾಗುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದ ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ದಿನಕ್ಕೆ ಎರಡು ಪೈಸೆಯನ್ನೂ ಕೊಡುವ ಏರ್ಪಾಡು ಮಾಡಿದರು. ಹಸಿವಿನ ಲೆಕ್ಕವನ್ನು ಅರಿತವನಿಗೆ ಮಾತ್ರ ಹೊಳೆಯುವ ಉಪಾಯವಿದು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಅವರಿಂದ ಸ್ಥಾಪಿತವಾಯಿತು. ಕೊಡಿಯಾಲಬೈಲಿನ ಶೇಡಿಗುಡ್ಡೆ ಅದರ ಕೇಂದ್ರ. ಶಾಲೆಯೊಡನೆ ವಿದ್ಯಾರ್ಥಿನಿಲಯ, ನೇಯ್ಗೆ ಮತ್ತು ಮರಗೆಲಸಗಳ ಶಿಕ್ಷಣ ಅಲ್ಲಿ ನಡೆದವು. ಓದು ಬಂದವನಿಗೆ ಬದುಕುವ ಕಸುಬೂ ಬರಬೇಕೆಂಬುದು ಅವರ ನಿಲುವು. ನೆಲವಿಲ್ಲದವರಿಗೆ ನಿವೇಶನ ದೊರಕಿಸುವುದಕ್ಕೂ, ಸ್ಥಳೀಯ ಆಡಳಿತ ಮಂಡಲಿಗಳಲ್ಲಿ ದಲಿತರಿಗೆ ಸ್ಥಾನ ದೊರಕಿಸುವುದಕ್ಕೂ ಅವರು ಶ್ರಮಿಸಿದರು. ಸರಕಾರದಿಂದ ರಾವ್ ಸಾಹೇಬ್ ಬಿರುದು ಬಂದರೂ ಅವರು ದೊಡ್ಡದೆಂದು ಬಗೆದುದು ಆ ಗುಡ್ಡದ ಮೇಲಿನ ಮಕ್ಕಳ ಕಲರವವನ್ನೇ.

ಈ ಸೇವೆಗೆ ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬುದು ಗಂಡಸಿಗೆ ಸಭೆಯಲ್ಲಿ ತಟ್ಟಿದರೆ, ಹೆಂಗಸಿಗೆ ಬಾವಿಕಟ್ಟೆಯಲ್ಲಿ, ಹಸೆಮಣೆಯ ಬಳಿಯಲ್ಲಿ, ಬಾಣಂತಿಯ ಕೋಣೆಯಲ್ಲಿ ದಿನದಿನವೂ ತಟ್ಟುವಂಥದು. ಪತ್ನಿ ರುಕ್ಮಿಣಿಯಮ್ಮನವರು ಅದನ್ನೆಲ್ಲ ಸಹಿಸಿ ಪತಿಯ ಕಾರ್ಯಕ್ಕೆ ಬೆಂಬಲವಾದರು. ಪರರ ಮಕ್ಕಳ ವಿಷಯದಲ್ಲಿ ಆಡಿದ ಮಾತನ್ನು ರಂಗರಾಯರು ತಮ್ಮ ಮಗಳ ವಿಷಯದಲ್ಲಿಯೂ ನಡೆಸಿ ತೋರಿದರು. 1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿ ಮದರಾಸಿನಲ್ಲಿಯೂ ಮುಂದೆ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದರು. 1912ರಲ್ಲಿ ಅವರಿಗೆ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ನರೊಡನೆ ಜಾತಿಯ ಗೆರೆ ದಾಟಿದ ವಿವಾಹವಾಯಿತು. ಸುಬ್ಬರಾಯನ್ನರು 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪರವಾಗಿ ಕುಳಿತರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್ ಸಭೆಗೆ ಆಯ್ಕೆಯಾದ ಮೊದಲ ಮಹಿಳೆಯೆನಿಸಿದರು. ಅವರ ಮಕ್ಕಳಲ್ಲಿ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ದಂಡನಾಯಕರಾದರು; ಮೋಹನ ಕುಮಾರಮಂಗಲಂ ಕೇಂದ್ರ ಸಚಿವರಾಗಿದ್ದು 1973ರ ವಿಮಾನಾಪಘಾತದಲ್ಲಿ ಮಡಿದರು; ಪಾರ್ವತಿ ಕೃಷ್ಣನ್ ಲೋಕಸಭಾ ಸದಸ್ಯೆಯಾಗಿ ಶ್ರಮಜೀವಿಗಳ ಪರ ದನಿಯೆತ್ತಿದರು. ಊರಿನ ಪಂಕ್ತಿಯಿಂದ ಹೊರಗಿಟ್ಟ ಮನೆಯ ಕುಡಿಗಳು ದೇಶದ ಮುಂಬಂಕ್ತಿಯಲ್ಲಿ ಕುಳಿತುದು ಕಾಲದ ತೀರ್ಪೆನ್ನಬೇಕು.

ದೇಹಬಲ ಕುಗ್ಗಿದಾಗ ತಾವು ಕಟ್ಟಿದ ಸಂಸ್ಥೆ ತಮ್ಮೊಡನೆಯೇ ಅಳಿಯಬಾರದೆಂದು ರಂಗರಾಯರು ಅದನ್ನು ಭಾರತ ಸೇವಕ ಸಮಾಜದ ಕೈಗೊಪ್ಪಿಸಿದರು. ನನ್ನದೆಂಬ ಮಮಕಾರವನ್ನು ಬಿಡುವುದು ಕಟ್ಟುವುದಕ್ಕಿಂತ ಕಠಿಣ. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಳೆದು, 1928ರ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಕಳೇಬರವನ್ನು ಊರಿನ ಮಲ ಹೊರುವವರೇ ಹೊರಬೇಕೆಂಬುದು ಅವರ ಕೊನೆಯ ಅಪೇಕ್ಷೆಯಾಗಿತ್ತು. ದಲಿತರ ಮಗುವೊಂದು ಕಲಿತು ದೊಡ್ಡ ಉದ್ಯೋಗವನ್ನು ಹಿಡಿದು ಕಾರಿನಲ್ಲಿ ತಮ್ಮೂರ ಬೀದಿಯಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬ ಅವರ ಆಶಯವನ್ನು ಅವರ ಸಮಾಧಿಯ ಮೇಲೆ ಕೆತ್ತಲಾಗಿದೆ.

1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದರು. ದೇಶವು ಅಂದು ಕೈಕೊಂಡ ಕಾರ್ಯಕ್ಕೆ ಆ ಕರಾವಳಿಯ ಪಟ್ಟಣದಲ್ಲಿ ನಾಲ್ಕು ದಶಕಗಳ ಹಿಂದೆಯೇ ಅಂಕುರಾರ್ಪಣವಾಗಿತ್ತು. ಮಂಗಳೂರಿನ ಪುರಭವನವು ರಂಗರಾಯರ ಹೆಸರನ್ನು ಹೊತ್ತು ನಿಂತಿದೆ.

ರಂಗರಾಯರಿಗೆ ಹುಟ್ಟಿನಿಂದ ಸಿರಿಯಿರಲಿಲ್ಲ, ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಇದ್ದುದು 8 ರೂಪಾಯಿಯ ಉಪಾಧ್ಯಾಯನಾಗಿದ್ದಾಗ ಕಲಿತ ವಿದ್ಯೆ ಒಂದೇ. ಶಾಲೆಯ ಬೆಂಚಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಓದುವುದು ಇಂದಿನ ವಿದ್ಯಾರ್ಥಿಗಳಿಗೆ ಸಹಜವಾಗಿ ತೋರೀತು. ಆ ಸಹಜತೆಗಾಗಿ ಒಂದು ಸಂಸಾರವು ಬಂಧುಬಳಗವನ್ನೇ ಕಳೆದುಕೊಂಡಿತೆಂಬುದನ್ನು ಅವರು ಮರೆಯದಿರಲಿ.