ತಾಯಿಯ ಋಣ, ಮಗಳ ಗಾನ: ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಸ್ಮರಣೆ

ಮಾತೃಋಣ ತೀರಿಸಲಾಗದ್ದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಋಣವನ್ನು ಬಾಳಿನುದ್ದಕ್ಕೂ ನೆನೆಯುತ್ತ, ತಾವೂ ತಾಯಿಯಾಗಿ ಸಂಸಾರದ ಭಾರ ಹೊತ್ತು, ಕಲಾವಿದೆಯಾಗಿ ಕನ್ನಡ ನಾಡಿಗೆ ಕೀರ್ತಿ ತಂದವರು ಶ್ರೀಮತಿ ಗಂಗೂಬಾಯಿ ಹಾನಗಲ್ಲರು. ಅವರು ನಮ್ಮನ್ನಗಲಿ ಒಂದೂವರೆ ದಶಕ ಮೀರಿದೆ. ತಾವು ಅಕ್ಷರ ಕಲಿಯದಿದ್ದರೂ ಮಕ್ಕಳ ಕೈಗೆ ಪಾಟಿ ಕೊಟ್ಟು ನಮ್ಮ ಶಾಲೆಗೆ ಕಳುಹಿಸಿದ ಈ ಗಡಿಭಾಗದ ತಾಯಂದಿರನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನೆನೆಯುವಾಗ, ಗಂಗೂಬಾಯಿಯವರ ಜೀವನ ನನ್ನ ಕಣ್ಣ ಮುಂದೆ ಬರುತ್ತದೆ.

ಗಂಗೂಬಾಯಿಯವರು ಜನಿಸಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಹಾನಗಲ್ಲವೆಂಬ ಹೆಸರು ಅವರಿಗೆ ತಾಯಿಯ ಮನೆತನದಿಂದ ಬಂದದ್ದು. ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಪಳಗಿದ ಗಾಯಕಿಯಾಗಿದ್ದರು. ಮುಂಬಯಿ ಪ್ರಾಂತದಿಂದ ಮೈಸೂರು ಅರಮನೆಗೆ ಹೋಗಿಬರುವ ಉತ್ತರಾದಿ ಸಂಗೀತಗಾರರಿಗೆ ಧಾರವಾಡ ತಂಗುದಾಣವಾಗಿದ್ದ ಕಾಲವದು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂತಹ ಮಹಾನುಭಾವರೇ ಅಂಬಾಬಾಯಿಯವರ ಮನೆಗೆ ಬಂದು ಅವರ ಗಾಯನವನ್ನು ಆಲಿಸುತ್ತಿದ್ದರು.

ಆದರೆ ಮಗಳ ಮನಸ್ಸು ಒಲಿದದ್ದು ಹಿಂದುಸ್ತಾನಿ ಸಂಗೀತಕ್ಕೆ. ಒಂದೇ ಮನೆಯಲ್ಲಿ ಎರಡು ಪದ್ಧತಿಗಳು ಕಿವಿಗೆ ಬಿದ್ದರೆ ಮಗಳ ಕಲಿಕೆಗೆ ತೊಡಕಾದೀತೆಂದು ಅಂಬಾಬಾಯಿಯವರು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿಬಿಟ್ಟರು. 1928ರಲ್ಲಿ ಧಾರವಾಡದ ವಾಸವನ್ನು ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಮಗಳಿಗೆ ಗುರುಗಳ ಸಾನ್ನಿಧ್ಯ ದೊರೆಯಲೆಂದೇ. ಅಲ್ಲಿ ಕೃಷ್ಣಾಚಾರ್ಯ ಹುಲಗೂರರಿಂದ ಗಂಗೂಬಾಯಿಯವರಿಗೆ ಮೊದಲ ಪಾಠಗಳಾದವು. ಒಬ್ಬ ಕಲಾವಿದೆಗೆ ತನ್ನ ಕಂಠವನ್ನು ತಾನೇ ಕಟ್ಟಿಕೊಳ್ಳುವುದಕ್ಕಿಂತ ಕಠಿಣವಾದ ವ್ರತ ಬೇರೊಂದು ಇರಲಾರದು. ಮಗಳ ಕೀರ್ತಿ ದೇಶದಲ್ಲಿ ಹಬ್ಬುವ ಮುನ್ನವೇ, 1932ರಲ್ಲಿ, ಆ ತಾಯಿ ಕಣ್ಮುಚ್ಚಿದರು.

ಗಾಯಕಿಯರ ಮನೆತನದವರೆಂಬ ಕಾರಣಕ್ಕೆ ಸಮಾಜ ಅವರನ್ನು ಕೀಳಾಗಿ ಕಾಣುತ್ತಿತ್ತು. 1924ರಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದಾಗ ಬಾಲೆ ಗಂಗೂಬಾಯಿ ಸ್ವಾಗತಗೀತೆ ಹಾಡಿದರು. ಅಷ್ಟು ದೊಡ್ಡ ಸಭೆಯ ಎದುರು ನಿಲ್ಲುವ ಅಂಜಿಕೆಗಿಂತ, ಜಾತಿಯ ಕಾರಣದಿಂದ ಊಟದ ಪಂಕ್ತಿಯಲ್ಲಿ ತನ್ನನ್ನು ಬೇರೆ ಮಾಡಿಯಾರೆಂಬ ಅಳುಕೇ ಆ ಮಗುವಿನ ಮನಸ್ಸನ್ನು ಹೆಚ್ಚು ಕಾಡಿತ್ತು. ಶಾಲೆಯ ಓದು ಐದನೆಯ ಇಯತ್ತೆಗೆ ನಿಂತಿತು. ಆದರೆ ಸಂಗೀತದ ಅಭ್ಯಾಸ ನಿಲ್ಲಲಿಲ್ಲ.

ಹದಿನಾರರ ಹರೆಯದಲ್ಲಿ ವಕೀಲರಾದ ಗುರುರಾವ್ ಕೌಲಗಿಯವರೊಡನೆ ಅವರ ದಾಂಪತ್ಯ ಆರಂಭವಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮನೆಯಲ್ಲಿ ಹಣಕಾಸಿನ ಅಡಚಣೆ ತಲೆದೋರಿದಾಗ ಅವರ ಹಾಡುಗಾರಿಕೆಯೇ ಸಂಸಾರಕ್ಕೆ ಆಸರೆಯಾಯಿತು. ಇದೆಲ್ಲದರ ನಡುವೆ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ ಶಿಕ್ಷಣ ಮುಂದುವರಿಯಿತು. ಗುರುಗಳು ಕುಂದಗೋಳದಲ್ಲಿ ನೆಲೆಸಿದಾಗ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಆಗ ಪಂಡಿತ ಭೀಮಸೇನ ಜೋಶಿಯವರು ಅಲ್ಲಿ ಅವರ ಸಹಪಾಠಿ. ಮನೆಯಲ್ಲಿ ಎಳೆಯ ಮಕ್ಕಳು, ಊರಾಚೆ ಗುರುಗಳ ಮನೆ, ನಡುವೆ ರೈಲಿನ ವೇಳೆ. ಈ ಮೂರನ್ನೂ ಹೊಂದಿಸಿಕೊಂಡು ಕಲಿಯುವುದು ಎಂತಹ ಸಾಧನೆಯೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು.

ಗಂಟಲಿನ ಬೇನೆಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ಇಂಪಾದ ಹೆಣ್ಣುದನಿ ಮರೆಯಾಗಿ ಕಂಠ ಗಂಡುದನಿಯಂತೆ ಗಡುಸಾಯಿತು. ಮತ್ತೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ಅವರಾದರೋ ಆ ದನಿಗೆ ತಕ್ಕ ಗಾಂಭೀರ್ಯವನ್ನು ಗಾಯನದಲ್ಲಿ ತುಂಬಿ, ರಾಗವನ್ನು ಸಾವಧಾನವಾಗಿ ಒಂದೊಂದೇ ಸ್ವರದಿಂದ ಬೆಳೆಸುವ ಕ್ರಮದಲ್ಲಿ ಪರಿಣತರಾದರು. ಧಾರವಾಡ ಆಕಾಶವಾಣಿಯಿಂದ ಅವರ ದನಿ ಕೇಳಿಬಂದಾಗ, ಹಾಡುತ್ತಿರುವವರು ಗಂಡಸೆಂದು ಬಾಲಕರಾದ ನಾವು ವಾದ ಮಾಡಿದ್ದುಂಟು. ಹೆಸರು ಹೇಳಿದ ಮೇಲೆ ಮೌನವಾಗಿ ಕುಳಿತು ಕೇಳಿದ್ದೂ ಉಂಟು.

ಮಗಳು ಕೃಷ್ಣಾ ಹಾನಗಲ್ಲರು ತಾಯಿಯ ಬೆನ್ನ ಹಿಂದೆ ಕುಳಿತು ದಶಕಗಳ ಕಾಲ ದನಿಗೂಡಿಸಿದರು. ತನಗಾಗಿ ತಾಯಿ ಹಾಡು ನಿಲ್ಲಿಸಿದ ಮನೆಯಲ್ಲಿ, ತಾವು ತಾಯಿಯಾದಾಗ ಮಗಳನ್ನು ಜೊತೆಗೇ ಕೂರಿಸಿಕೊಂಡು ಹಾಡಿದರು ಗಂಗೂಬಾಯಿ. 2004ರಲ್ಲಿ ಆ ಮಗಳೇ ತೀರಿಕೊಂಡಾಗ ತೊಂಬತ್ತು ದಾಟಿದ ತಾಯಿ ಪುತ್ರೀಶೋಕವನ್ನೂ ಉಣ್ಣಬೇಕಾಯಿತು. ಅವರೇ ಅರ್ಬುದ ರೋಗದಿಂದ ಗುಣಮುಖರಾಗಿ ಬಂದವರು. ಆದರೂ 2006ರಲ್ಲಿ ಮತ್ತೊಮ್ಮೆ ವೇದಿಕೆಯೇರಿ ಹಾಡಿದರು.

1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ, ತೊಂಬತ್ತಾರರ ತುಂಬುವಯಸ್ಸಿನಲ್ಲಿ, ಅವರು ನಾದಲೀನರಾದರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಐದನೆಯ ಇಯತ್ತೆಗೆ ಓದು ಬಿಟ್ಟ ಆ ಮಹಾತಾಯಿಯ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ.

ಅಂಬಾಬಾಯಿಯವರ ಗಾಯನವನ್ನು ಎದುರು ಕುಳಿತು ಕೇಳಿದವರು ಈಗ ಯಾರೂ ಉಳಿದಿಲ್ಲ. ಅವರ ತ್ಯಾಗವನ್ನು ಕೊಂಡಾಡುವ ನಾವು ಅದರಿಂದಾದ ನಷ್ಟವನ್ನೂ ಮರೆಯಬಾರದು. ಹಾಡಬಲ್ಲ ತಾಯಿ ಸುಮ್ಮನಿರಬೇಕಾಗಿ ಬರುವುದು ಸಂತೋಷದ ಸಂಗತಿಯಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಇಂದು ಮನೆಗೆ ಮರಳಿದ ಮೇಲೆ ತಾಯಿ ಇದ್ದವರು ಅವರ ಬಳಿ ಕುಳಿತು, ಅವರು ಬಲ್ಲ ಬೀಸುವ ಪದವನ್ನೋ ಸೋಬಾನೆಯನ್ನೋ ಹಾಡಿಸಿ ಕೇಳಿರಿ. ನಿಮ್ಮ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ.